ಕೆಟ್ಟಿದ್ದರೆ ಕೆಟ್ಟಿದೆ ಅಂತಲೇ ಬರೆಯಿರಿ

ಆಫೀಸುಗಳು ದಾನ ಕೊಟ್ಟ ಕಂಪ್ಯೂಟರುಗಳನ್ನು ಸರಿಮಾಡಿ ಸರ್ಕಾರಿ ಶಾಲೆಗಳಿಗೆ ಕಳಿಸುವ ಟ್ರಸ್ಟೊಂದರ ವರ್ಕ್‌ಶಾಪ್ ಬೆಂಗಳೂರಿನ ಹನುಮಂತನಗರದಲ್ಲಿದೆ. ಒಂದು ಹಳೇ ಮನೆಯ ಕೆಳಗಿನ ಮಹಡಿ. ಹಿಂದಿನ ಕಾರ್ ಶೆಡ್ಡೂ ನಮ್ಮದೇ. ಶನಿವಾರ ಅಲ್ಲಿಗೆ ಬರುವ ಸ್ವಯಂಸೇವಕರನ್ನು ನೋಡಿಕೊಳ್ಳುವವಳು ನಾನು. ಸಂಬಳಕ್ಕೆ ದುಡಿಯುವಾಗ ಹಾರ್ಡ್‌ವೇರ್ ಸರ್ವಿಸ್‌ನಲ್ಲಿದ್ದೆ, ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನನ್ನ ಮುಖ ಪರಿಚಯವಿದೆ, ಅಷ್ಟೇ ನನ್ನ ಅರ್ಹತೆ. ಈಗ ಸ್ಕ್ರೂಡ್ರೈವರ್ ಹಿಡಿಯುವುದು ಅಪರೂಪ. ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಅತಿ ಹೆಚ್ಚು ಸಲ ಹೇಳುವ ಮಾತು "ಬೇಡ".

ಮೊದಲ ಬೇಡ ದಾನಿಗಳಿಗೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತಲ್ಲ, ಅದರ ಹಿಂದೆ ಮುಂದೆ ನಮ್ಮ ಫೋನಿಗೆ ಬಿಡುವಿರಲಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ನೋ ಅದರ ಮೇಲಿನದೋ ಬೇಕು. ಆರನೇ ಏಳನೇ ಜನರೇಶನ್ನಿನ ಸಾವಿರಾರು ಮೆಷೀನುಗಳು ಯಾವ ತೊಂದರೆಯೂ ಇಲ್ಲದೆ ಓಡುತ್ತಿದ್ದರೂ ಕಂಪನಿಗಳ ಲೆಕ್ಕದಲ್ಲಿ ಹಳತಾದವು. ನಮಗೆ ಅದು ಸುಗ್ಗಿ. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿ, ಹಾರ್ಡ್ ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಕೂರಿಸಿದರೆ ಅಂಥ ಮೆಷೀನು ಶಾಲೆಯೊಂದರಲ್ಲಿ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಆದರೆ ಸುಗ್ಗಿಯ ಜೊತೆ ಹೊಟ್ಟೂ ಬಂತು. "ಮೇಡಂ, ನೂರು ಸಿಸ್ಟಮ್ ಇದೆ, ಸೋಮವಾರದೊಳಗೆ ಗೋಡೌನ್ ಖಾಲಿ ಮಾಡ್ಬೇಕು, ಗಾಡಿ ಕಳ್ಸಿ" ಅನ್ನುವವರ ನೂರರಲ್ಲಿ ಅರವತ್ತು ರ‍್ಯಾಮ್ ಅನ್ನುವ ಮೆಮೊರಿ ಕಡ್ಡಿಯೇ ಇಲ್ಲದ ಖಾಲಿ ಡಬ್ಬಗಳು. ಯಾರೋ ಒಳಗಿನವರೇ ಕಿತ್ತಿಟ್ಟುಕೊಂಡಿರುತ್ತಾರೆ.

ಇದರ ಹಿಂದೆ ಒಂದು ಲೆಕ್ಕಾಚಾರವೂ ಇದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ದೊಡ್ಡ ಕಚೇರಿಗಳು ತಮ್ಮ ಹಳೇ ಸಾಮಾನನ್ನು ನೋಂದಾಯಿತ ಉತ್ಪಾದಕರಿಗೋ, ರಿಸೈಕ್ಲರ್‌ಗೋ, ಸರಿಮಾಡಿ ಮತ್ತೆ ಬಳಕೆಗೆ ಕೊಡುವ ರಿಫರ್ಬಿಷರ್‌ಗೋ ಮಾತ್ರ ಕೊಡಬೇಕು. ಗುಜರಿಯವನಿಗೆ ಕೊಡುವ ಹಾಗಿಲ್ಲ. ನಾವು ರಿಫರ್ಬಿಷರ್ ಅಂತ ನೋಂದಣಿ ಮಾಡಿಸಿಕೊಂಡವರು. ನಮಗೆ ಕೊಟ್ಟರೆ ಅವರಿಗೆ ಕಾಗದವೂ ಸಿಕ್ಕಿತು, ದಾನದ ಫೋಟೋವೂ ಸಿಕ್ಕಿತು, ಕಸ ನಮ್ಮ ಪಾಲಿಗೆ ಬಂತು. ಅದಕ್ಕೇ ಈಗ ಗಾಡಿ ಹೊರಡುವ ಮುಂಚೆ ಪಟ್ಟಿ ಕೇಳುತ್ತೇನೆ: ಮಾಡೆಲ್, ಪ್ರೊಸೆಸರ್, ರ‍್ಯಾಮ್ ಎಷ್ಟು, ಚಾರ್ಜರ್ ಇದೆಯೇ, ಬಯೋಸ್ (ಆನ್ ಆದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಪಾಸ್‌ವರ್ಡ್ ತೆಗೆದಿದ್ದೀರಾ. ಡಿಡಿಆರ್3 ರ‍್ಯಾಮಿನ ಹಳೇ ಮೆಷೀನು ಬೇಡ. ಪಾಸ್‌ವರ್ಡ್ ತೆಗೆಯದ ಲ್ಯಾಪ್‌ಟಾಪ್ ಬೇಡ. ದಾನದ ಹಸುವಿನ ಹಲ್ಲು ಎಣಿಸುತ್ತೀರಾ ಅಂತ ಒಬ್ಬರು ಸಿಟ್ಟಾದರು. ಎಣಿಸಲೇಬೇಕು ಸ್ವಾಮಿ, ಹಸು ಹೋಗುವುದು ಮಕ್ಕಳ ಹತ್ತಿರ ಅಂದೆ.

ಎರಡನೇ ಬೇಡ ಸ್ವಯಂಸೇವಕರಿಗೆ. ಇದು ಕಷ್ಟದ್ದು, ಯಾಕೆಂದರೆ ಬಂದವರೆಲ್ಲ ಒಳ್ಳೆಯ ಮನಸ್ಸಿನಿಂದ ಬಂದವರು.

ಎಂಜಿನಿಯರಿಂಗ್ ಹುಡುಗ ಹುಡುಗಿಯರು ಹೆಚ್ಚು. ಡಿಗ್ರಿ ಮುಗಿಯುವಷ್ಟರಲ್ಲಿ ಅವರಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ 100 ಆಕ್ಟಿವಿಟಿ ಪಾಯಿಂಟ್ ಆಗಬೇಕು, ಸಮಾಜಸೇವೆಯ ಗಂಟೆಗಳನ್ನು ತೋರಿಸಬೇಕು. ಬಂದ ಕೂಡಲೇ ಕೆಲವರು ಸರ್ಟಿಫಿಕೇಟಿನ ಫಾರ್ಮ್ಯಾಟ್ ಮೇಜಿನ ಮೇಲಿಡುತ್ತಾರೆ. ಅದರಲ್ಲಿ ನನಗೆ ಬೇಸರವಿಲ್ಲ. ಪಾಯಿಂಟಿಗೆ ಬಂದು ಕೆಲಸಕ್ಕೆ ಅಂಟಿಕೊಂಡವರು ಬೇಕಾದಷ್ಟಿದ್ದಾರೆ. ಕಂಪ್ಯೂಟರ್ ಸೈನ್ಸ್ ಓದುವ ಬಹಳ ಮಕ್ಕಳು ಅಲ್ಲಿಯವರೆಗೆ ಕ್ಯಾಬಿನೆಟ್ ಬಿಚ್ಚಿ ಒಳಗೆ ನೋಡಿಯೇ ಇರುವುದಿಲ್ಲ. ಮೊದಲ ಸಲ ಬಿಚ್ಚಿದಾಗ ಅವರ ಮುಖ ನೋಡಬೇಕು. ಇನ್ನೊಂದು ಗುಂಪು ಕಂಪನಿಗಳಿಂದ ಬರುವವರು. ಒಂದೇ ಬಣ್ಣದ ಟೀ ಶರ್ಟ್, ಬಸ್ಸು, ಎರಡು ಗಂಟೆಯ ಸಮಯ, ನಲವತ್ತು ಜನ. ಇವರಿಗೆ ಏನು ಕೆಲಸ ಕೊಡುವುದು? ನೇರ ಹೇಳುವುದಾದರೆ, ಎರಡು ಗಂಟೆಗೆ ಬರುವ ನಲವತ್ತು ಜನರಿಗಿಂತ ತಪ್ಪದೆ ಬರುವ ಮೂವರು ಮೇಲು. ಆದರೆ ಎಸ್‌ಎಸ್‌ಡಿಗೆ ದುಡ್ಡು ಬರುವುದು ಆ ನಲವತ್ತು ಜನರ ಕಂಪನಿಯಿಂದ. ಹಾಗಾಗಿ ಅವರಿಗೆ ಶೆಡ್ಡಿನಲ್ಲಿ ಕೀಬೋರ್ಡ್ ಗುಡ್ಡೆ. ಕೀಗಳನ್ನು ಕೀಳುವ ಮುಂಚೆ ಫೋಟೋ ತೆಗೆದುಕೊಳ್ಳಿ, ಸ್ಪೇಸ್ ಬಾರಿನ ಕೆಳಗಿನ ಕಂಬಿ ಕಳೆಯಬೇಡಿ, ಸೋಪಿನ ನೀರಲ್ಲಿ ಕೀಗಳನ್ನು ಮಾತ್ರ ಹಾಕಿ, ಬೋರ್ಡ್ ಹಾಕಬೇಡಿ. ಕೇಬಲ್ ವಿಂಗಡಣೆ, ಸ್ಟಿಕ್ಕರ್ ಕೀಳುವುದು. ಕಂಪನಿಯ ಆಸ್ತಿ ನಂಬರಿನ ಸ್ಟಿಕ್ಕರ್ ಕಿತ್ತ ಮೇಲೆ ಉಳಿಯುವ ಗೋಂದಿಗೆ ನೀಲಗಿರಿ ಎಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದೆ. ಶೆಡ್ ತುಂಬ ನೆಗಡಿ ಬಂದವರ ಮನೆಯ ವಾಸನೆ.

ಮದರ್‌ಬೋರ್ಡ್ ಮೇಜಿಗೆ ಆ ಟೀ ಶರ್ಟಿನವರನ್ನು ಬಿಡುವುದಿಲ್ಲ. ಅಹಂಕಾರವೇನಿಲ್ಲ, ಜನವರಿ ಫೆಬ್ರುವರಿಯ ಒಣಹವೆಯಲ್ಲಿ ಆ ಪಾಲಿಯೆಸ್ಟರ್ ಬಟ್ಟೆಯಿಂದ ಹುಟ್ಟುವ ಸ್ಟ್ಯಾಟಿಕ್ ವಿದ್ಯುತ್ತು ಒಂದು ರ‍್ಯಾಮ್ ಕೊಲ್ಲಲು ಸಾಕು. ಅದು ಕಣ್ಣಿಗೂ ಕಾಣುವುದಿಲ್ಲ, ಕೈಗೂ ಗೊತ್ತಾಗುವುದಿಲ್ಲ. ಆ ಮೇಜಿನಲ್ಲಿ ಕೂರುವವರು ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಲೇಬೇಕು.

ಡಿಸ್ಕಿನ ವಿಷಯದಲ್ಲಿ ನಾನು ಇನ್ನೂ ಬಿಗಿ. ಲೋಡ್ ಬಂದ ದಿನವೇ, ಬೇರೆ ಯಾವ ಕೆಲಸಕ್ಕೂ ಮುಂಚೆ, ಎಲ್ಲ ಮೆಷೀನಿನ ಡಿಸ್ಕ್ ಹೊರಗೆ ಬರಬೇಕು. ಕೆಂಪು ಟ್ರೇಗೆ ಹೋಗಬೇಕು. ಅಳಿಸಿ ಮುಗಿದ ಮೇಲೆ ಹಸಿರು ಟ್ರೇ. ಕೆಂಪು ಟ್ರೇಯ ಡಿಸ್ಕನ್ನು ಯಾರೂ "ಓಡುತ್ತಾ ನೋಡೋಣ" ಅಂತ ಮೆಷೀನಿಗೆ ಹಾಕಿ ಆನ್ ಮಾಡುವ ಹಾಗಿಲ್ಲ. ಒಬ್ಬ ಹುಡುಗ ಮಾಡಿದ. ಸ್ಕ್ರೀನಿನ ಮೇಲೆ ಯಾರದೋ ಮಗುವಿನ ನಾಮಕರಣದ ಫೋಟೋ, ಪಕ್ಕದಲ್ಲಿ ಸಂಬಳದ ಎಕ್ಸೆಲ್ ಶೀಟು. ಅವನೇನೂ ತೆರೆದು ನೋಡಲಿಲ್ಲ ಪಾಪ, ಆದರೂ ಅವತ್ತಿನಿಂದ ಅವನನ್ನು ಡಿಸ್ಕ್ ಮೇಜಿನಿಂದ ಎಬ್ಬಿಸಿದೆ. ನಮಗೆ ಕೊಟ್ಟವರ ನಂಬಿಕೆ ಇರುವುದೇ ಆ ಟ್ರೇಯಲ್ಲಿ.

ಅಳಿಸುವುದಕ್ಕೆ ಎನ್‌ವೈಪ್ ಅನ್ನುವ ಉಚಿತ ಪ್ರೋಗ್ರಾಂ. ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಸೊನ್ನೆ ಬರೆದು, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತೇವೆ. ಕೆಲವು ಕಂಪನಿಯವರು ಏಳು ಸಲ ಅಳಿಸಿ ಅಂತ ಪಟ್ಟು ಹಿಡಿಯುತ್ತಾರೆ. ಈಗಿನ ಡಿಸ್ಕಿಗೆ ಒಂದು ಸಲ ಪೂರ್ತಿ ಬರೆದರೆ ಸಾಕು. ಅಮೆರಿಕದ ನಿಸ್ಟ್ ಸಂಸ್ಥೆಯ 800-88 ಮಾರ್ಗಸೂಚಿಯನ್ನು ತೋರಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. 500 ಜಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿಯಂತೆ ಬರೆದರೂ ಒಂದು ಸುತ್ತಿಗೆ ಒಂದೂವರೆ ಗಂಟೆ ಹತ್ತಿರ ಬೇಕು. ಏಳು ಸುತ್ತು ಅಂದರೆ ಒಂದು ಡಿಸ್ಕಿಗೆ ಒಂದು ಇಡೀ ಹಗಲು. ಎಸ್‌ಎಸ್‌ಡಿಯ ಕಥೆ ಬೇರೆ. ಅದರೊಳಗೆ ಹೊರಗಿನವರಿಗೆ ಕಾಣದ ಹೆಚ್ಚುವರಿ ಬ್ಲಾಕುಗಳಿರುತ್ತವೆ, ಮೇಲಿನಿಂದ ಸೊನ್ನೆ ಬರೆದರೆ ಅಲ್ಲಿಗೆ ತಲುಪುವ ಖಾತರಿಯಿಲ್ಲ. ಡ್ರೈವಿಗೇ ಸೆಕ್ಯೂರ್ ಇರೇಸ್ ಆಜ್ಞೆ ಕೊಡಬೇಕು. ಎಷ್ಟೋ ಮೆಷೀನುಗಳಲ್ಲಿ ಬಯೋಸ್ ಆ ಆಜ್ಞೆಯನ್ನು ಮೊದಲೇ ತಡೆದಿಟ್ಟಿರುತ್ತದೆ, ಸ್ಕ್ರೀನಿನಲ್ಲಿ "ಫ್ರೋಜನ್" ಅಂತ ಬರುತ್ತದೆ. ಹೊಸಬರು ಇಲ್ಲಿ ಡ್ರೈವ್ ಹೋಗಿದೆ ಅಂದುಕೊಳ್ಳುತ್ತಾರೆ. ಮೆಷೀನನ್ನು ಒಂದು ಸಲ ಸ್ಲೀಪ್‌ಗೆ ಕಳಿಸಿ ಎಬ್ಬಿಸಿದರೆ ಬಹಳಷ್ಟು ಸಲ ಬೀಗ ಬಿಡುತ್ತದೆ.

ಬಿಚ್ಚುವ ಮೇಜಿನಲ್ಲಿ ಮೊದಲ ದಿನ ನಾನು ಹೇಳಿಕೊಡುವುದು ಸ್ಕ್ರೂ. ಹುಡುಗರಿಗೆ ಇದು ಅವಮಾನ ಅನ್ನಿಸುತ್ತದೆ. ಕ್ಯಾಬಿನೆಟ್ಟಿನ ಮುಚ್ಚಳಕ್ಕೂ ದೊಡ್ಡ ಹಾರ್ಡ್ ಡಿಸ್ಕಿಗೂ ಹೆಚ್ಚಾಗಿ ಬರುವುದು 6-32 ಅನ್ನುವ ಒರಟು ಎಳೆಯ ಸ್ಕ್ರೂ. ಚಿಕ್ಕ ಡಿಸ್ಕ್, ಎಸ್‌ಎಸ್‌ಡಿ, ಡಿವಿಡಿ ಡ್ರೈವಿಗೆ ಎಂ3, ಸಣ್ಣ ಎಳೆಯದು. ಎರಡೂ ನೋಡಲು ಅಣ್ಣತಮ್ಮ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಿ ಬಲ ಹಾಕಿದರೆ ತೂತಿನ ಎಳೆ ಹೋಗಿ, ಆಮೇಲೆ ಯಾವ ಸ್ಕ್ರೂನೂ ನಿಲ್ಲುವುದಿಲ್ಲ. ಮೊದಲ ಮೂರು ಸುತ್ತು ಬೆರಳಲ್ಲೇ ತಿರುಗಿಸಿ, ಬೆರಳಿಗೆ ಬಿಗಿ ಅನ್ನಿಸಿದರೆ ಅದು ಆ ತೂತಿನದಲ್ಲ. ಲ್ಯಾಪ್‌ಟಾಪಿನಲ್ಲಿ ಅಪಾಯ ಇನ್ನೂ ಹೆಚ್ಚು: ತಳದ ಸ್ಕ್ರೂಗಳ ಉದ್ದ ಒಂದೊಂದು ಕಡೆ ಒಂದೊಂದು, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಕೀಬೋರ್ಡಿನ ಪಕ್ಕ ಪ್ಲಾಸ್ಟಿಕ್ ಮೇಲೆ ಮೊಡವೆ ಏಳುತ್ತದೆ. ಅದಕ್ಕೆ ರಟ್ಟಿನ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗಕ್ಕೆ ಚುಚ್ಚಿಡುವ ಪದ್ಧತಿ. ಒಬ್ಬ ಹುಡುಗಿ ಪ್ರತಿ ಮಾಡೆಲ್ಲಿಗೂ ಒಂದೊಂದು ರಟ್ಟು ಮಾಡಿ ಗೋಡೆಗೆ ತೂಗುಹಾಕಿದ್ದಾಳೆ. ನಮ್ಮ ವರ್ಕ್‌ಶಾಪಿನ ಅತ್ಯಂತ ಬೆಲೆಬಾಳುವ ಆಸ್ತಿ ಅದು ಅಂತ ನಾನು ಎಲ್ಲರೆದುರೂ ಹೇಳುತ್ತೇನೆ.

ಸಿಪಿಯು ಚಿಪ್ ತೆಗೆಯುವುದಕ್ಕೂ ಬೇಡ. ಹೀಟ್‌ಸಿಂಕ್ ಬಿಚ್ಚಿ, ಒಣಗಿ ಸುಣ್ಣದಂತಾದ ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೆಸರುಕಾಳಿನಷ್ಟು ಹೊಸ ಪೇಸ್ಟ್ ಹಾಕಿ, ಮುಚ್ಚಿ. ಚಿಪ್ಪನ್ನು ಸಾಕೆಟ್ಟಿನಿಂದ ಎತ್ತುವ ಅಗತ್ಯವೇ ಇಲ್ಲ. ಆರು ಏಳನೇ ಜನರೇಶನ್ನಿನ ಡೆಸ್ಕ್‌ಟಾಪ್ ಸಾಕೆಟ್ಟಿನಲ್ಲಿ ಕೂದಲಿನಷ್ಟು ತೆಳುವಾದ 1151 ಪಿನ್ನುಗಳಿವೆ, ಒಂದು ಬಾಗಿದರೂ ಬೋರ್ಡ್ ಕಸಕ್ಕೆ. ಆದರೆ ಯೂಟ್ಯೂಬ್ ನೋಡಿ ಬಂದವರ ಕೈ ಮೊದಲು ಹೋಗುವುದೇ ಅಲ್ಲಿಗೆ. ಊದಿದ ಬ್ಯಾಟರಿಯನ್ನು ನನ್ನ ಹೊರತು ಯಾರೂ ಮುಟ್ಟಬಾರದು ಅನ್ನುವುದು ಇನ್ನೊಂದು ಕಟ್ಟಳೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲ್ಲಾಡುತ್ತಿದ್ದರೆ ಕೈ ಬಿಟ್ಟು ಕರೆಯಬೇಕು. ಬಾಗಿಲ ಹೊರಗೆ ಮರಳಿನ ಬಕೆಟ್ ಅದಕ್ಕೇ ಇರುವುದು.

ಇಷ್ಟೆಲ್ಲ ಬೇಡಗಳ ನಡುವೆ ಸಂತೋಷದ ಗಳಿಗೆಗಳೂ ಇವೆ. ಮೂರನೇ ಸೆಮಿಸ್ಟರಿನ ಹುಡುಗಿಯೊಬ್ಬಳ ಮುಂದೆ ಆನ್ ಆಗದ ಒಂದು ಡೆಲ್ ಲ್ಯಾಟಿಟ್ಯೂಡ್ ಇಟ್ಟಿದ್ದೆ. ಪವರ್ ಒತ್ತಿದರೆ ಸ್ಕ್ರೀನ್ ಕಪ್ಪು, ದೀಪ ಮಾತ್ರ ಮಿನುಗುತ್ತದೆ. "ಮದರ್‌ಬೋರ್ಡ್ ಹೋಗಿದೆ ಮೇಡಂ" ಅಂದಳು. ದೀಪ ಎಷ್ಟು ಸಲ ಮಿನುಗುತ್ತೆ ಎಣಿಸು ಅಂದೆ. ಕಿತ್ತಳೆ ಎರಡು, ಬಿಳಿ ಮೂರು. ಅದು ಏನಂತ ಹುಡುಕು. ಮೊಬೈಲಿನಲ್ಲಿ ಸರ್ವಿಸ್ ಮ್ಯಾನ್ಯುಯಲ್ ತೆಗೆದಳು: ಮೆಮೊರಿ ಸಿಗುತ್ತಿಲ್ಲ. ತಳ ಬಿಚ್ಚಿ ಬ್ಯಾಟರಿ ಕೇಬಲ್ ತಪ್ಪಿಸಿ, ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೃದುವಾಗಿ ಉಜ್ಜಿದಳು. ಬಿಳೀ ರಬ್ಬರ್ ಕಪ್ಪಾಯಿತು. ಪುಡಿಯನ್ನು ಬ್ರಷ್ಷಿನಿಂದ ಪೂರ್ತಿ ಕೊಡವಿ, ಓರೆಯಾಗಿ ಸ್ಲಾಟಿಗೆ ಇಟ್ಟು, ಕೆಳಗೆ ಒತ್ತಿದಾಗ ಎರಡೂ ಪಕ್ಕದ ಕ್ಲಿಪ್ಪು ಟಕ್ಕೆಂದವು. ಆನ್ ಮಾಡಿದರೆ ಲೋಗೋ. ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಬೋರ್ಡ್ ಹೋಗಿದೆ ಅಂತ ಚೀಟಿಯಲ್ಲಿ ಬರೆದುಬಿಟ್ಟಿದ್ದರೆ ಆ ಲ್ಯಾಪ್‌ಟಾಪು ಬಿಡಿಭಾಗದ ರಾಶಿಗೆ ಹೋಗುತ್ತಿತ್ತು.

ಚೀಟಿ ಅಂದೆನಲ್ಲ. ಪ್ರತಿ ಮೆಷೀನಿಗೂ ದಾರದಲ್ಲಿ ಕಟ್ಟಿದ ಒಂದು ರಟ್ಟಿನ ಚೀಟಿ. ಬಂದಾಗ ಹೇಗಿತ್ತು, ಏನು ಮಾಡಿದೆ, ಏನು ಹಾಕಿದೆ, ಏನು ಇನ್ನೂ ಕೆಟ್ಟಿದೆ. ಮೇಲ್ವಿಚಾರಣೆ ಅಂದರೆ ಮುಕ್ಕಾಲುಪಾಲು ಆ ಚೀಟಿಯನ್ನು ನಿಜವಾಗಿ ಬರೆಸುವುದು. ಸ್ವಯಂಸೇವಕರಿಗೆ "ಏನು ಇನ್ನೂ ಕೆಟ್ಟಿದೆ" ಅನ್ನುವ ಸಾಲು ತುಂಬಲು ಕೈ ಬರುವುದಿಲ್ಲ. ಮೂರು ಗಂಟೆ ಕೂತು ಕೆಲಸ ಮಾಡಿದ್ದೇನೆ, ಕೊನೆಗೆ "ವೈಫೈ ಆಗಾಗ ತಪ್ಪುತ್ತದೆ" ಅಂತ ಬರೆದರೆ ಸೋತ ಹಾಗಾಯಿತು ಅನ್ನಿಸುತ್ತದೆ. ಆ ಸಾಲು ಖಾಲಿ ಬಿಟ್ಟು "ಓಕೆ" ಅಂತ ಗೀಚುತ್ತಾರೆ. ಆ ಓಕೆಯನ್ನು ನಂಬಿ ಕಳಿಸಿದ ಮೆಷೀನು ಇನ್ನೂರು ಕಿಲೋಮೀಟರ್ ಆಚೆ ಮೇಷ್ಟರೊಬ್ಬರ ತಲೆಯ ಮೇಲೆ ಬೀಳುತ್ತದೆ. ಅಲ್ಲಿ ರಿಪೇರಿ ಅಂಗಡಿ ಇಲ್ಲ, ಇದ್ದರೂ ಶಾಲೆಗೆ ಅದರ ದುಡ್ಡಿಲ್ಲ. ಕೆಟ್ಟಿದ್ದರೆ ಕೆಟ್ಟಿದೆ ಅಂತಲೇ ಬರೆಯಿರಿ, ಯಾರೂ ಬೈಯುವುದಿಲ್ಲ ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ.

ಹಾಗಾಗಿ ಸರಿಮಾಡಿದವರು ಪರೀಕ್ಷೆ ಮಾಡುವ ಹಾಗಿಲ್ಲ. ಪರೀಕ್ಷೆಯ ಮೇಜು ಬೇರೆ, ಅಲ್ಲಿ ಕೂರುವವರು ಬೇರೆ. ಅಲ್ಲಿ ನಮ್ಮ ಬ್ಯಾಂಕ್ ಸರ್ ಕೂರುತ್ತಾರೆ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ಕಂಪ್ಯೂಟರಿನ ಒಳಗಿನದು ಅವರಿಗೆ ಏನೂ ಗೊತ್ತಿಲ್ಲ, ಕಲಿಯುವ ಆಸೆಯೂ ಇಲ್ಲ. ಚೆಕ್‌ಲಿಸ್ಟನ್ನು ಮಾತ್ರ ವೋಚರ್ ನೋಡಿದಂತೆ ನೋಡುತ್ತಾರೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197 ಅನ್ನುವ ನಂಬರಿನ ಸಾಲುಗಳು ಸೊನ್ನೆ ಇರಬೇಕು ಅಂತ ಹೇಳಿಕೊಟ್ಟಿದ್ದೇನೆ. ಕೆಟ್ಟ ಸೆಕ್ಟರುಗಳ ಲೆಕ್ಕ ಅದು. ಎರಡು ಇದ್ದರೂ ವಾಪಸ್. "ಎರಡೇ ಅಲ್ವಾ ಅಂಕಲ್" ಅಂತ ಹುಡುಗರು ಗೋಗರೆದರೆ, "ಕ್ಯಾಶಲ್ಲಿ ಎರಡು ರೂಪಾಯಿ ಕಮ್ಮಿ ಬಂದ್ರೆ ಮನೆಗೆ ಹೋಗ್ತಿರಲಿಲ್ಲಪ್ಪಾ ನಾವು" ಅನ್ನುತ್ತಾರೆ.

ಕೀಬೋರ್ಡ್ ಪರೀಕ್ಷೆಗೆ ಅವರದೇ ಒಂದು ಉಪಾಯ. ಹಿಂದೆ ಬ್ಯಾಂಕಿನಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಕಲಿತವರು. ನಾವು ಹಾಕುವ ಲಿನಕ್ಸ್ ಮಿಂಟ್‌ನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸದ ಕಗಪ ಕೀಲಿಮಣೆ ಆಯ್ಕೆ ಮಾಡಿಕೊಳ್ಳುವುದಕ್ಕೆ ಬರುತ್ತದೆ. ಬ್ಯಾಂಕ್ ಸರ್ ಒಂದು ಖಾಲಿ ಕಡತ ತೆರೆದು ಅ ಆ ಇ ಈಯಿಂದ ಶುರುಮಾಡಿ ಳ ತನಕ ಇಡೀ ವರ್ಣಮಾಲೆ ಹೊಡೆಯುತ್ತಾರೆ, ಕೊನೆಗೆ ಒಂದು ಅರ್ಧಾಕ್ಷರ. ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ, ಷಕಾರಕ್ಕೆ ಎಕ್ಸ್, ಞಕಾರಕ್ಕೆ ಝಡ್, ಅರ್ಧಾಕ್ಷರಕ್ಕೆ ಎಫ್. ಹೀಗೆ 26 ಅಕ್ಷರದ ಕೀಗಳೂ ಮುಗಿದವು, ಮಹಾಪ್ರಾಣಗಳ ನೆಪದಲ್ಲಿ ಶಿಫ್ಟೂ ಆಯಿತು. ಕೀಬೋರ್ಡ್ ಪರೀಕ್ಷೆಗೆಂದೇ ಸಾಫ್ಟ್‌ವೇರ್ ಇದೆ ಸರ್ ಅಂತ ಹುಡುಗರು ಹೇಳಿದರು. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಞ ಬೀಳದ ಕೀಬೋರ್ಡುಗಳನ್ನು ಅವರಷ್ಟು ಬೇಗ ಯಾವ ಸಾಫ್ಟ್‌ವೇರೂ ಹಿಡಿದದ್ದನ್ನು ನಾನು ನೋಡಿಲ್ಲ.

ಒಂದು ಜಗಳ ಹೇಳಬೇಕು. ಕೊನೇ ವರ್ಷದ ಒಬ್ಬ ಹುಡುಗ, ನಮ್ಮಲ್ಲಿ ಬಂದವರಲ್ಲೇ ಕೈ ಚುರುಕಿನವನು. ಅವನಿಗೊಂದು ಲ್ಯಾಪ್‌ಟಾಪ್ ಹಿಡಿಸಿಬಿಟ್ಟಿತು. ಒಳಗೆಲ್ಲ ಚೆನ್ನಾಗಿತ್ತು, ಪ್ರೊಸೆಸರ್ ಒಳ್ಳೆಯದು, ಡಿಸ್‌ಪ್ಲೇಯಲ್ಲಿ ಒಂದು ಗೀರಿಲ್ಲ. ಎಡಗಡೆಯ ಹಿಂಜ್, ಅಂದರೆ ಡಿಸ್‌ಪ್ಲೇ ಮಡಿಸುವ ಕೀಲು, ಕೂರುವ ಪ್ಲಾಸ್ಟಿಕ್ ಗೂಟ ಮಾತ್ರ ಮುರಿದಿತ್ತು. ವಾರಗಟ್ಟಲೆ ಅದರ ಹಿಂದೆ ಬಿದ್ದ. ಹಿತ್ತಾಳೆಯ ನಟ್ಟನ್ನು ಕಾಸಿ ಕೂರಿಸಿದ, ಸುತ್ತ ಅರಾಲ್ಡೈಟ್ ತುಂಬಿದ, ಒಣಗಲು ಬಿಟ್ಟ, ಮರಳುಕಾಗದದಲ್ಲಿ ಉಜ್ಜಿದ. ನೋಡಿದರೆ ಮುರಿದಿತ್ತೆಂದು ಗೊತ್ತೇ ಆಗದ ಹಾಗೆ. ಬ್ಯಾಂಕ್ ಸರ್ ಚೆಕ್‌ಲಿಸ್ಟಿನಲ್ಲಿ ಹಿಂಜಿಗೆ ಇಪ್ಪತ್ತು ಸಲ ತೆಗೆದು ಮುಚ್ಚುವ ಪರೀಕ್ಷೆ ಇದೆ. ಇಪ್ಪತ್ತು ಸಲಕ್ಕೂ ನಿಂತಿತು. ಅವರು ಪಾಸ್ ಮಾಡಿದರು. ನಾನು ಫೇಲ್ ಮಾಡಿದೆ.

"ಯಾಕೆ ಮೇಡಂ? ಟೆಸ್ಟ್ ಪಾಸ್ ಆಗಿದೆಯಲ್ಲ!"

ಟೆಸ್ಟ್ ಇಪ್ಪತ್ತು ಸಲಕ್ಕೆ. ಶಾಲೆಯಲ್ಲಿ ಒಂದೇ ದಿನಕ್ಕೆ ಅದಕ್ಕಿಂತ ಹೆಚ್ಚು ಸಲ ತೆಗೆದು ಮುಚ್ಚುತ್ತಾರೆ, ಅದೂ ಒಂದೇ ಮೂಲೆ ಹಿಡಿದು. ಅಂಟು ಬಿಟ್ಟ ದಿನ ಹಿಂಜ್ ಡಿಸ್‌ಪ್ಲೇ ಕೇಬಲ್ಲನ್ನೂ ಕಿತ್ತುಕೊಂಡು ಹೋಗುತ್ತದೆ. ಆಮೇಲೆ ರ‍್ಯಾಮು, ಎಸ್‌ಎಸ್‌ಡಿ, ಒಳ್ಳೆಯ ಡಿಸ್‌ಪ್ಲೇ ಎಲ್ಲ ಆ ಊರಿನ ಬೀರುವಿನಲ್ಲಿ ಸತ್ತು ಮಲಗುತ್ತವೆ. ಇಲ್ಲಿ ಬಿಚ್ಚಿದರೆ ಇನ್ನು ನಾಲ್ಕು ಲ್ಯಾಪ್‌ಟಾಪ್ ಎದ್ದು ಕೂರುತ್ತವೆ. ಇದೆಲ್ಲ ಹೇಳಿದೆ. ಅವನು ಕೇಳಿಸಿಕೊಂಡ, ಒಪ್ಪಲಿಲ್ಲ. "ಮೇಡಂಗೆ ನಮ್ಮ ಕೆಲಸದ ಮೇಲೆ ನಂಬಿಕೆ ಇಲ್ಲ" ಅಂತ ಸ್ನೇಹಿತರ ಹತ್ತಿರ ಹೇಳಿಕೊಂಡನಂತೆ. ನಂಬಿಕೆ ಇತ್ತು, ಅರಾಲ್ಡೈಟಿನ ಮೇಲೆ ಇರಲಿಲ್ಲ. ಆ ಲ್ಯಾಪ್‌ಟಾಪನ್ನು ಬಿಚ್ಚಲು ಅವನಿಗೇ ಕೊಡಬಾರದಿತ್ತು ಅಂತ ಬ್ಯಾಂಕ್ ಸರ್ ಆಮೇಲೆ ಹೇಳಿದರು. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಕೂರಿಸಿದವನಿಗೇ ಅದರ ಒಳಗು ಚೆನ್ನಾಗಿ ಗೊತ್ತು. ಅವನೂ ಮುಖ ಊದಿಸಿಕೊಂಡೇ ಆದರೂ ಒಂದು ಕೇಬಲ್ಲೂ ಹರಿಯದಂತೆ ಬಿಚ್ಚಿಕೊಟ್ಟ. ಮತ್ತೆ ಕೆಲವು ಶನಿವಾರ ಬರಲಿಲ್ಲ. ಆಮೇಲೆ ಬಂದ, ಹಿಂಜಿನ ವಿಷಯ ಇವತ್ತಿಗೂ ನಾವಿಬ್ಬರೂ ಎತ್ತಿಲ್ಲ.

ರ‍್ಯಾಮಿನ ಬೆಲೆ 2025ರ ಕೊನೆಯಿಂದ ಏರಿದ ರೀತಿ ನೋಡಿದ ಮೇಲೆ ಬಿಡಿಭಾಗದ ರಾಶಿಗೆ ಮರ್ಯಾದೆ ಬಂದಿದೆ. ಎಐ ಸರ್ವರುಗಳಿಗೆ ಮೆಮೊರಿ ಚಿಪ್ಪು ಹರಿದುಹೋಗುತ್ತಿದೆ, ಎಸ್‌ಪಿ ರೋಡಿನಲ್ಲಿ ಬೆಲೆ ಕೇಳಿದರೆ ಅಂಗಡಿಯವರೇ "ಬೆಳಗ್ಗಿನ ರೇಟು ಬೇರೆ ಅಕ್ಕಾ" ಅನ್ನುತ್ತಾರೆ. ನಾಲ್ಕು ಜಿಬಿಯ ಎರಡು ಹಳೇ ಕಡ್ಡಿ ಸಿಕ್ಕಿದರೆ ಒಂದು ಮೆಷೀನು ಎಂಟಕ್ಕೆ ಏರುತ್ತದೆ. ಸತ್ತ ಮೆಷೀನುಗಳಿಂದ ತೆಗೆದ ರ‍್ಯಾಮನ್ನೆಲ್ಲ ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ಓಡಿಸಿ, ಒಂದು ತಪ್ಪೂ ಬರದಿದ್ದರೆ ಮಾತ್ರ ಡಬ್ಬಕ್ಕೆ. ಉಳಿದ ಬೋರ್ಡು, ಎಸ್‌ಎಂಪಿಎಸ್ ಅನ್ನುವ ಪವರ್ ಡಬ್ಬ, ತಂತಿಗಳು ನೋಂದಾಯಿತ ರಿಸೈಕ್ಲರ್ ಗಾಡಿಗೆ, ತೂಕ ಮಾಡಿ, ಸರ್ಟಿಫಿಕೇಟ್ ಪಡೆದು. ಬೀದಿಯ ಗುಜರಿಯವನು ಕೈಮೇಲೆ ನಗದು ಇಡುತ್ತೇನೆ ಅಂತ ಆಗಾಗ ಬಂದು ಹೋಗುತ್ತಾನೆ. ತಾಮ್ರಕ್ಕಾಗಿ ತಂತಿ ಸುಡುವ ಹೊಗೆ ಎಂಥದೆಂದು ನನಗೆ ಗೊತ್ತು. ಅವನಿಗೂ ಬೇಡ.

ಶಾಲೆಗೆ ಹೋಗುವ ಮೆಷೀನಿನಲ್ಲಿ ಹುಡುಗರಿಗೆ ಅರ್ಥವಾಗದ, ನಾನು ಬಿಡದ ಕೆಲವು ಸಂಗತಿಗಳಿವೆ. ಮದರ್‌ಬೋರ್ಡಿನ ಬಿಲ್ಲೆಯಂಥ ಸಿಆರ್2032 ಬ್ಯಾಟರಿ ಅದರಲ್ಲೊಂದು. ಚೆನ್ನಾಗಿದೆಯೋ ಇಲ್ಲವೋ ನೋಡದೆ ಎಲ್ಲಕ್ಕೂ ಹೊಸದು ಹಾಕುತ್ತೇವೆ. ಅದು ಸತ್ತರೆ, ಕರೆಂಟು ಹೋದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಾದರೆ ಬ್ರೌಸರ್ ಯಾವ ಸುರಕ್ಷಿತ ತಾಣವನ್ನೂ ನಂಬುವುದಿಲ್ಲ, ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ. ಮೇಷ್ಟ್ರು ಫೋನ್ ಮಾಡಿ ಹೇಳುವುದು "ಇಂಟರ್ನೆಟ್ ಕೆಟ್ಟಿದೆ" ಅಂತ. ಕೆಟ್ಟಿರುವುದು ಹತ್ತಿಪ್ಪತ್ತು ರೂಪಾಯಿಯ ಬಿಲ್ಲೆ. ಇನ್ನೊಂದು, ಕ್ಯಾಬಿನೆಟ್ಟಿನ ಹಿಂದಿನ ತಗಡಿನ ಪಟ್ಟಿಗಳು. ಕಾರ್ಡು ತೆಗೆದ ಜಾಗದಲ್ಲಿ ಪಟ್ಟಿ ಇಲ್ಲದಿದ್ದರೆ ನೋಡಲು ಚಂದವಿಲ್ಲ, ಅಷ್ಟೇ ತಾನೆ ಅನ್ನುತ್ತಾರೆ. ಆ ಸಂದಿಯಲ್ಲಿ ಹಲ್ಲಿ ನುಗ್ಗುತ್ತದೆ, ಇಲಿ ನುಗ್ಗುತ್ತದೆ. ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆದಾಗ ಎಸ್‌ಎಂಪಿಎಸ್ ಒಳಗೆ ಸುಟ್ಟ ಹಲ್ಲಿ, ಬೋರ್ಡಿನ ಮೇಲೆ ಇಲಿಯ ಗೂಡು. ವಾಪಸ್ ಬಂದ ಅಂಥದ್ದೊಂದು ಎಸ್‌ಎಂಪಿಎಸ್ಸನ್ನು ತೊಳೆಯದೆ ಹಾಗೇ ಷೋಕೇಸಿನಲ್ಲಿಟ್ಟಿದ್ದೇನೆ. ಈಗ ಪಟ್ಟಿ ಹಾಕಿ ಅಂತ ಯಾರಿಗೂ ಎರಡನೇ ಸಲ ಹೇಳಬೇಕಿಲ್ಲ.

ಒಂದು ಶಾಲೆಗೆ ಹತ್ತು ಕಂಪ್ಯೂಟರ್ ಹೋಗುವುದಾದರೆ ಹತ್ತೂ ಒಂದೇ ಮಾಡೆಲ್ ಇರಬೇಕು ಅನ್ನುವುದು ನನ್ನ ಹಟ. ಒಂಬತ್ತು ಮಧ್ಯಮ ದರ್ಜೆಯವು, ಒಂದು ಭಾರೀ ವೇಗದ್ದು ಅಂತ ಕಳಿಸಿದರೆ ಆ ಒಂದರ ಮುಂದೆ ಜಗಳ. ಒಂದೇ ಮಾಡೆಲ್ ಆದರೆ ಕ್ಲೋನ್‌ಜಿಲ್ಲಾ ಅನ್ನುವ ಪ್ರೋಗ್ರಾಂನಲ್ಲಿ ಒಂದೇ ಪ್ರತಿ ಎಲ್ಲಕ್ಕೂ ಇಳಿಸಬಹುದು, ನಾಳೆ ಒಂದು ಸತ್ತರೆ ಅದರ ಭಾಗ ಇನ್ನೊಂಬತ್ತಕ್ಕೆ ಆಗುತ್ತದೆ. ಇದರಿಂದ ಎಷ್ಟೋ ಒಳ್ಳೆಯ ಮೆಷೀನುಗಳು ಜೋಡಿ ಸಿಗದೆ ಕಪಾಟಿನಲ್ಲಿ ಕಾಯುತ್ತವೆ. ಟ್ರಸ್ಟಿನವರಿಗೆ ಇದು ಹಿಡಿಸುವುದಿಲ್ಲ, ಕಳಿಸಿದ ಸಂಖ್ಯೆ ಕಮ್ಮಿ ಕಾಣುತ್ತದೆ. ಈ ವಾದ ಮುಗಿದಿಲ್ಲ.

ಸಾಫ್ಟ್‌ವೇರಿನಲ್ಲಿ ಹೆಡ್‌ಮಾಸ್ಟರುಗಳು ಕೇಳುವುದು ಎರಡೇ ಪ್ರಶ್ನೆ. "ಸ್ಯಾಟ್ಸ್ ಓಪನ್ ಆಗುತ್ತಾ?" ಮಕ್ಕಳ ದಾಖಲಾತಿಯ ಆ ತಾಣ ಬ್ರೌಸರಿನಲ್ಲಿ ಓಡುವಂಥದ್ದು, ಆಗುತ್ತದೆ. "ನುಡಿ ಫೈಲ್ ಓಪನ್ ಆಗುತ್ತಾ?" ಇಲ್ಲಿದೆ ತಾಪತ್ರಯ. ವರ್ಷಗಟ್ಟಲೆಯ ಪ್ರಶ್ನೆಪತ್ರಿಕೆ, ನಡಾವಳಿ, ಪ್ರಮಾಣಪತ್ರ ಎಲ್ಲವೂ ಹಳೇ ನುಡಿ ಫಾಂಟಿನಲ್ಲಿವೆ, ಯೂನಿಕೋಡ್ ಅಲ್ಲ. ಹೊಸ ಮೆಷೀನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬುಗಳ ರಾಶಿ. ಫೈಲೇ ಹಾಳಾಯಿತು ಅಂತ ಮೇಷ್ಟರ ಎದೆ ಒಡೆಯುತ್ತದೆ. ಅದಕ್ಕೆ ಮೆಷೀನ್ ಕೊಡುವ ದಿನವೇ ಅವರ ಪೆನ್‌ಡ್ರೈವಿನ ಒಂದು ಫೈಲ್ ತೆಗೆದು ಯೂನಿಕೋಡಿಗೆ ಬದಲಾಯಿಸಿ ತೋರಿಸುತ್ತೇವೆ. ಈ ಕೆಲಸವನ್ನು ಬ್ಯಾಂಕ್ ಸರ್ ಬಿಟ್ಟುಕೊಡುವುದಿಲ್ಲ. ಹುಡುಗರು ಮಾಡಿದರೆ ಐದು ನಿಮಿಷ, ಅವರು ಮಾಡಿದರೆ ಅರ್ಧ ಗಂಟೆ. ಆದರೆ ಮೇಷ್ಟರು ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಹುಡುಗರ ಪಕ್ಕ ನಿಂತೇ ಇರುತ್ತಾರೆ.

ಸದ್ಯಕ್ಕೆ ನನ್ನ ತಲೆನೋವು ಮಾನಿಟರ್. ಬರುವ ಚಿಕ್ಕ ಡೆಸ್ಕ್‌ಟಾಪುಗಳ ಹಿಂದೆ ಹೆಚ್ಚಾಗಿ ಡಿಸ್‌ಪ್ಲೇಪೋರ್ಟ್ ಮತ್ತು ಎಚ್‌ಡಿಎಂಐ ಇವೆ, ದಾನ ಬರುವ ಹಳೇ ಮಾನಿಟರುಗಳಲ್ಲಿ ಹಳೇ ಬಗೆಯ ವಿಜಿಎ ಕಿಂಡಿ ಮಾತ್ರ. ನಡುವೆ ಹಾಕುವ ಕನ್ವರ್ಟರು ಅಗ್ಗದ್ದಾದರೆ ಮಳೆಗಾಲ ದಾಟುವುದಿಲ್ಲ, ಒಳ್ಳೆಯದಾದರೆ ಹತ್ತು ಮೆಷೀನಿಗೆ ಹತ್ತು ಅಂತ ಲೆಕ್ಕ ಬೆಳೆಯುತ್ತದೆ. ವಿಜಿಎ ಮಾತ್ರ ಇರುವ ಮಾನಿಟರನ್ನೂ ಬೇಡದ ಪಟ್ಟಿಗೆ ಸೇರಿಸೋಣ ಅಂತ ನಾನು, ಸ್ವಲ್ಪ ದಿನ ನೋಡೋಣ ಅಂತ ಟ್ರಸ್ಟಿನವರು. ಮುಂದಿನ ಲೋಡು ಒಂದು ಆಡಿಟ್ ಕಚೇರಿಯದು. ಲ್ಯಾಪ್‌ಟಾಪುಗಳೆಲ್ಲ ಒಂದೇ ಮಾಡೆಲ್ ಅಂತೆ, ಚಾರ್ಜರುಗಳು ಬೇರೆ ಪೆಟ್ಟಿಗೆಯಲ್ಲಿವೆ ಅಂತೆ. ಎಣಿಸಿ ಹೇಳಿ ಅಂತ ಮೆಸೇಜ್ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.